ಬಿಗಿದು ಕೂತ ಆಡಿಯೋ ಪಿನ್ನು: ಸಾಕೆಟ್ ಮುರಿಯದೆ ಬಿಡಿಸುವ ಸಮಗ್ರ ಮಾರ್ಗದರ್ಶಿ

ಗಣಪತಿ ಕೂರಿಸುವ ವಾರ ಬಂತು ಅಂದರೆ ಹಾಸನ, ಚಿಕ್ಕಮಗಳೂರು ಕಡೆ ಅಟ್ಟದ ಮೇಲಿದ್ದ ಆಂಪ್ಲಿಫೈಯರ್‌ಗಳೆಲ್ಲ ಕೆಳಗಿಳಿಯುತ್ತವೆ. ಜೊತೆಗೇ ಒಂದೇ ತರದ ದೂರು ಶುರುವಾಗುತ್ತದೆ. "ಸಾರ್, ಪಿನ್ನು ಬರ್ತಾನೇ ಇರ್ಲಿಲ್ಲ. ಸ್ವಲ್ಪ ತಿರುಗಿಸಿ ಜೋರಾಗಿ ಎಳೆದೆ. ಒಳಗೆ ಟಕ್ ಅಂತು. ಈಗ ಒಂದು ಕಡೆ ಸೌಂಡೇ ಇಲ್ಲ."

ಆ 'ಟಕ್' ಸಾಮಾನ್ಯವಾಗಿ ಕೇಬಲ್ಲಿನದ್ದಲ್ಲ. ಸಾಕೆಟ್ಟಿನ ಕಾಲು ಒಳಗಿನ ಬೋರ್ಡಿನಿಂದ ಬೆಸುಗೆ ಬಿಟ್ಟು ಎದ್ದ ಸದ್ದು ಅದು. ಕೇಬಲ್ ಹೋದರೆ ನೂರಿನ್ನೂರು ರೂಪಾಯಲ್ಲಿ ಹೊಸದು ಸಿಗುತ್ತದೆ. ಸಾಕೆಟ್ ಹೋದರೆ ಸೆಟ್ ಬಿಚ್ಚಬೇಕು, ಬೋರ್ಡ್ ಹೊರಗೆ ತೆಗೆಯಬೇಕು, ಅದೇ ಅಳತೆಯ ಸಾಕೆಟ್ ಹುಡುಕಬೇಕು. ಹಾಗಾಗಿ ಮುಂದೆ ಹೇಳುವುದೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿದೆ: ಉಳಿಸಬೇಕಾದ್ದು ಸಾಕೆಟ್. ಪಿನ್ನು ಹಾಳಾದರೆ ಆಗಲಿ.

ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಸೋಲುವುದು ನಾಲ್ಕನೇ ಹಂತದಿಂದ ಶುರು ಮಾಡುವುದರಿಂದಲೇ.

## ಹಂತ 1: ಕರೆಂಟು ಪೂರ್ತಿ ಬಿಡಿಸಿ

ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಗೋಡೆಯ ಸ್ವಿಚ್ ಆರಿಸಿದರೂ ಸಾಲದು. ಎಷ್ಟೋ ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿರುತ್ತಾರೆ. ಸ್ವಿಚ್ ಆಫ್ ಇದ್ದರೂ ಒಳಗೆ 230 ವೋಲ್ಟ್ ಕೂತೇ ಇರುತ್ತದೆ. ಪ್ಲಗ್ಗನ್ನೇ ಗೋಡೆಯಿಂದ ಕೀಳಿ.

"ಕರೆಂಟ್ ಹೋಗಿದೆ, ಈಗ್ಲೇ ಬಿಚ್ಚಿಬಿಡೋಣ" ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಇನ್ವರ್ಟರ್ ಇರುವ ಮನೆಯಲ್ಲಿ ಲೈನಿಗೆ ಕರೆಂಟ್ ಇದ್ದೇ ಇರುತ್ತದೆ. ಇನ್ವರ್ಟರ್ ಇಲ್ಲದಿದ್ದರೂ, ನೀವು ಅರ್ಧ ಕೆಲಸದಲ್ಲಿರುವಾಗ ಕರೆಂಟ್ ವಾಪಸ್ ಬಂದರೆ? ಹಾಗಾಗಿ ಪ್ಲಗ್ ಕೈಯಲ್ಲಿರಲಿ.

ಆಂಪ್ಲಿಫೈಯರ್ ಒಂದನ್ನೇ ಅಲ್ಲ, ಅದಕ್ಕೆ ಕೇಬಲ್ಲಿನಿಂದ ಸೇರಿರುವ ಎಲ್ಲವನ್ನೂ ಕರೆಂಟಿನಿಂದ ಬಿಡಿಸಿ. ಟಿವಿ, ಸೆಟ್‌ಟಾಪ್ ಬಾಕ್ಸ್, ಸ್ವಂತ ಪವರ್ ಇರುವ ಸಬ್‌ವೂಫರ್, ಎಲ್ಲವನ್ನೂ. ಒಂದು ಬಾಕ್ಸಿನ ಸೋರಿಕೆ ಕೇಬಲ್ಲಿನ ಹೊರ ಕವಚದ ಮೂಲಕ ಇನ್ನೊಂದರ ಬಾಡಿಗೆ ಬರುತ್ತದೆ. ಎರಡು ಪಿನ್ನಿನ ಪವರ್ ಕಾರ್ಡ್ ಇರುವ ಸೆಟ್ಟುಗಳನ್ನು ಮುಟ್ಟಿದರೆ ಕೈ ಜುಂ ಅನ್ನುವುದು ಇದಕ್ಕೇ. ಆ ಜುಂ ಸಾಮಾನ್ಯವಾಗಿ ಅಪಾಯದ್ದಲ್ಲ. ಆದರೆ ಕೈ ಬೆಚ್ಚಿಬಿದ್ದು ಸಾಕೆಟ್ ಎಳೆದುಬಿಡುವುದು ಇದೆಯಲ್ಲ, ಅದು ನಷ್ಟ.

ಪ್ಲಗ್ ಕಿತ್ತ ಮೇಲೆ ಹತ್ತು ನಿಮಿಷ ಬಿಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯಲು ಟೈಮ್ ಬೇಕು. ಹೊರಗಿನ ಪಿನ್ನು ಬಿಡಿಸುವುದಕ್ಕೆ ಇಷ್ಟು ಸಾಕು. ಆದರೆ ಮುಚ್ಚಳ ತೆಗೆದು ಒಳಗೆ ಕೈ ಹಾಕಲು ಈ ಹತ್ತು ನಿಮಿಷ ಯಾವ ಗ್ಯಾರಂಟಿಯೂ ಅಲ್ಲ. ಅದರಲ್ಲೂ ಬಲ್ಬಿನಂಥ ಗಾಜಿನ ವಾಲ್ವ್ ಇರುವ ಹಳೆ ರೇಡಿಯೋ, ಆಂಪ್ಲಿಫೈಯರ್‌ಗಳ ಒಳಗೆ ಕೆಲವು ನೂರು ವೋಲ್ಟ್ ಉಳಿದಿರಬಹುದು. ಅಂಥವನ್ನು ಮನೆಯಲ್ಲಿ ಬಿಚ್ಚಬೇಡಿ.

ಗುಡುಗು ಇದ್ದಾಗ ಈ ಕೆಲಸವೇ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಸಿಡಿಲಿಗೆ ಹೆದರಿ ಡಿಶ್ ಕೇಬಲ್ ಕೀಳಲು ಓಡುವವರಿದ್ದಾರೆ. ಕೀಳುವುದಾದರೆ ಮೋಡ ಕಟ್ಟುವ ಮುಂಚೆ ಕೀಳಬೇಕು. ಗುಡುಗು ಕೇಳಿದ ಮೇಲೆ ಆ ಕೇಬಲ್ ಮುಟ್ಟಬಾರದು.

## ಹಂತ 2: ಫೋಟೋ ತೆಗೆಯಿರಿ, ಚೀಟಿ ಕಟ್ಟಿ

ಹಿಂಬದಿಯ ಫೋಟೋ ಎರಡು ಬೇಕು. ಒಂದು ದೂರದಿಂದ, ಇನ್ನೊಂದು ಬಿಗಿದ ಪಿನ್ನಿನ ಹತ್ತಿರದಿಂದ. ಪ್ರತಿ ಕೇಬಲ್ಲಿಗೆ ಕಾಗದದ ಟೇಪ್ ಸುತ್ತಿ ಹೆಸರು ಬರೆಯಿರಿ. ನಂತರ ಸಬ್‌ವೂಫರ್ ಪಿನ್ನನ್ನು ಸೆಂಟರ್ ಸ್ಪೀಕರಿನ ಸಾಕೆಟ್ಟಿಗೆ ಚುಚ್ಚಿ "ಸೆಟ್ ಕೆಟ್ಟಿದೆ" ಅಂತ ಅಂಗಡಿಗೆ ಹೊತ್ತೊಯ್ಯುವುದು ತಪ್ಪುತ್ತದೆ.

ಸುಲಭವಾಗಿ ಬರುವ ಕೇಬಲ್‌ಗಳನ್ನು ಮೊದಲು ತೆಗೆದುಬಿಡಿ. ಬಿಗಿದದ್ದರ ಸುತ್ತ ಬೆರಳಾಡಲು ಜಾಗವಾಗುತ್ತದೆ. ಶೋಕೇಸಿನ ಗೂಡಿನಲ್ಲಿಟ್ಟುಕೊಂಡೇ ಕೈ ಬಗ್ಗಿಸಿ ಎಳೆಯಬೇಡಿ. ಸೆಟ್ ಹೊರಗೆ ತಂದು, ಮೇಜಿನ ಮೇಲೆ ಕಂಬಳಿ ಹಾಸಿ, ಹಿಂಬದಿ ನಿಮ್ಮ ಎದುರಿಗೆ ಬರುವಂತೆ ಇಡಿ. ಓರೆಯಾಗಿ ಎಳೆಯುವುದೇ ಸಾಕೆಟ್ ಮುರಿಯಲು ಅರ್ಧ ಕಾರಣ.

## ಹಂತ 3: ಯಾಕೆ ಬಿಗಿದಿದೆ ಅಂತ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ಎರಡು ನಿಮಿಷದ ಕೆಲಸ. ಟಾರ್ಚ್ ಹಿಡಿದು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ, ಪಿನ್ನು ಮತ್ತು ಸಾಕೆಟ್ ಸೇರುವ ಸಂದಿಯನ್ನು ನೋಡಿ.

ಹಸಿರು ಪುಡಿ ಕಂಡರೆ ಅದು ಕಿಲುಬು. ಪಿನ್ನಿನ ಮೇಲಿನ ನಿಕ್ಕಲ್ ಲೇಪ ಸವೆದು ಒಳಗಿನ ಹಿತ್ತಾಳೆಗೆ ತೇವ ತಾಗಿದೆ ಅಂತ ಅರ್ಥ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಗೋಡೆಗೆ ಅಂಟಿಸಿಟ್ಟ ಸೆಟ್ಟಿನ ಹಿಂಬದಿ ಕೇಳಬೇಕೇ? ಕಿಲುಬಿಗೆ ಮದ್ದು ಇದೆ, ಆರನೇ ಹಂತದಲ್ಲಿ ಬರುತ್ತದೆ.

ಕಪ್ಪಗೆ ಅಂಟಂಟಾಗಿದ್ದರೆ ಅದು ಹಳೆ ಪಿವಿಸಿಯದ್ದು. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಹಾಕಿದ ಎಣ್ಣೆಯಂಥ ಅಂಶ ವರ್ಷಗಳ ಮೇಲೆ ಹೊರಗೆ ಬಂದು ಧೂಳಿನ ಜೊತೆ ಸೇರಿರುತ್ತದೆ. ಅರಸೀಕೆರೆ, ಕಡೂರಿನಂಥ ಒಣ ಕಡೆ ಹಸಿರಿಗಿಂತ ಈ ಧೂಳಿನ ಅಂಟೇ ಜಾಸ್ತಿ. ಇದು ಒರೆಸಿದರೆ ಬಿಡುತ್ತದೆ, ಬಲ ಬೇಡ.

ಮಣ್ಣು ಕಂಡರೆ ನಗಬೇಡಿ. ಕುಂಬಾರ ಹುಳು ಖಾಲಿ ಸಾಕೆಟ್ಟಿನಲ್ಲೂ ಪಿನ್ನಿನ ಸಂದಿಯಲ್ಲೂ ಗೂಡು ಮೆತ್ತುತ್ತದೆ. ಒಣಗಿದ ಮಣ್ಣನ್ನು ಹಲ್ಲುಕಡ್ಡಿಯಿಂದ ಕೆರೆದು, ಸೆಟ್ ವಾಲಿಸಿ, ಹೊರಗೆ ಉದುರಿಸಿ. ಬಾಯಿಂದ ಊದಬೇಡಿ, ಉಗುಳಿನ ತೇವ ಹೋಗುತ್ತದೆ.

ಇದ್ಯಾವುದೂ ಇಲ್ಲ, ಲೋಹ ಪಳಪಳ ಅನ್ನುತ್ತಿದೆ, ಆದರೂ ಬರುತ್ತಿಲ್ಲ ಅಂದರೆ? ಹೆಚ್ಚಾಗಿ ಅದಕ್ಕೆ ಲಾಕ್ ಇದೆ. ಲಾಕ್ ಇರುವ ಪಿನ್ನನ್ನು ಬಲದಿಂದ ಎಳೆದವರ ಸೆಟ್ಟುಗಳೇ ರಿಪೇರಿಗೆ ಬರುವುದು. ಯಾವುದರಲ್ಲಿ ಯಾವ ಲಾಕ್ ಅನ್ನುವುದು ಐದನೇ ಹಂತದಲ್ಲಿದೆ, ಎಳೆಯುವ ಮುಂಚೆಯೇ ಅದನ್ನು ಓದಿಕೊಳ್ಳಿ.

ಸಾಕೆಟ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ, ಕರಗಿದೆಯಾ, ಸುಟ್ಟ ವಾಸನೆ ಇದೆಯಾ? ಅಲ್ಲಿಗೆ ನಿಲ್ಲಿಸಿ. ಇದು ಬಿಗಿದದ್ದಲ್ಲ, ಬೆಸೆದುಕೊಂಡದ್ದು. ಟೆಕ್ನಿಷಿಯನ್ ನೋಡಲಿ.

### ಬೇಕಾಗುವ ಸಾಮಾನು

ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಒಂದು ಸುತ್ತು ಹಾಕಿದರೆ ಎಲ್ಲಾ ಸಿಗುತ್ತದೆ. ನೋಸ್ ಪ್ಲೈಯರ್, ಸಣ್ಣ ಕಟರ್, 11 ಎಂಎಂ ಸ್ಪ್ಯಾನರ್, ಪ್ಲಾಸ್ಟಿಕ್ ಕೇಬಲ್ ಟೈ, ಇಯರ್ ಬಡ್ಸ್, ಹಲ್ಲುಕಡ್ಡಿ, ಟಾರ್ಚ್. ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಸಣ್ಣ ಬಾಟಲಿ. ಅಂಗಡಿಯಲ್ಲಿ 'ಐಪಿಎ' ಅಂತ ಕೇಳಿ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಪಂಕ್ಚರ್ ಅಂಗಡಿಯಲ್ಲಿ ಸುಮ್ನೆ ಸಿಗುವ ಹಳೆ ಸೈಕಲ್ ಟ್ಯೂಬಿನ ತುಂಡು. ಬೆರಳುದ್ದ ಕತ್ತರಿಸಿ ಪಿನ್ನಿನ ಮೈಗೆ ಸುತ್ತಿದರೆ ಕೈ ಜಾರುವುದಿಲ್ಲ. ಬರಿಗೈಯಲ್ಲಿ ಬಾರದ ಪಿನ್ನುಗಳಲ್ಲಿ ಬಹುಪಾಲು ಬಿಗಿದೇ ಇರುವುದಿಲ್ಲ. ನಮ್ಮ ಬೆರಳಿಗೆ ಹಿಡಿತ ಸಿಕ್ಕಿರುವುದಿಲ್ಲ, ಅಷ್ಟೇ.

## ಹಂತ 4: ಎಲ್ಲಾ ಪಿನ್ನಿಗೂ ಒಂದೇ ಹಿಡಿತ

1. ಎಡಗೈಯ ಎರಡು ಬೆರಳನ್ನು ಸಾಕೆಟ್ಟಿನ ಎರಡೂ ಬದಿಗೆ, ಸೆಟ್ಟಿನ ತಗಡಿಗೆ ಒತ್ತಿ ಇಡಿ. ಎಳೆಯುವಾಗ ತಗಡು ಉಬ್ಬಬಾರದು.
2. ಬಲಗೈಯಿಂದ ಪಿನ್ನಿನ ಗಟ್ಟಿ ಭಾಗ ಹಿಡಿಯಿರಿ, ಸಾಕೆಟ್ಟಿಗೆ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರ. ವೈರು ಹಿಡಿಯಬೇಡಿ.
3. ಮೊದಲು ಒಳಗೆ ಒತ್ತಿ. ಹೌದು, ಒಳಗೆ. ಕೂದಲೆಳೆಯಷ್ಟು ಒಳಗೆ ಹೋದರೂ ಕಿಲುಬಿನ ಪದರ ಬಿರಿಯುತ್ತದೆ.
4. ಆಮೇಲೆ ನೇರ ಹಿಂದಕ್ಕೆ, ನಿಧಾನವಾಗಿ ಬಲ ಹೆಚ್ಚಿಸುತ್ತಾ ಎಳೆಯಿರಿ. ಜಗ್ಗಬೇಡಿ. ಜಗ್ಗಿದರೆ ಪಿನ್ನು ಒಮ್ಮೆಗೇ ಬಿಟ್ಟು ನಿಮ್ಮ ಮೊಣಕೈ ಗೋಡೆಗೆ, ಪಕ್ಕದ ಸಾಕೆಟ್ ನಿಮ್ಮ ಬೆರಳಿಗೆ.

ಐದಾರು ಸೆಕೆಂಡ್ ಎಳೆದೂ ಅಲುಗಾಡದಿದ್ದರೆ ನಿಲ್ಲಿಸಿ ಮುಂದಿನ ಹಂತಕ್ಕೆ ಹೋಗಿ. ಅದೇ ಬಲವನ್ನು ಮತ್ತೆ ಮತ್ತೆ ಹಾಕಿದರೆ ದಣಿಯುವುದು ಪಿನ್ನಲ್ಲ, ಒಳಗಿನ ಬೆಸುಗೆ.

ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಬೇಡವೇ ಬೇಡ. ಅದರ ತುದಿ ಊರುವುದು ಪ್ಲಾಸ್ಟಿಕ್ ಸಾಕೆಟ್ಟಿನ ಅಂಚಿಗೇ. ಮೀಟಲೇಬೇಕು ಅನಿಸಿದರೆ ಪಿನ್ನಿನ ಮೈ ಸುತ್ತ ಒಂದು ಕೇಬಲ್ ಟೈ ಬಿಗಿಯಿರಿ. ಅದಕ್ಕೆ ಎರಡು ಬದಿಯಲ್ಲೂ ಇನ್ನೊಂದೊಂದು ಟೈ ಉಂಗುರದಂತೆ ಸಿಕ್ಕಿಸಿ. ಎರಡೂ ಉಂಗುರಕ್ಕೆ ಬೆರಳು ಹಾಕಿ ಸಮವಾಗಿ ಎಳೆದರೆ ಬಲ ನೇರ ಹಿಂದಕ್ಕೇ ಬೀಳುತ್ತದೆ.

## ಹಂತ 5: ಯಾವ ಪಿನ್ನಿಗೆ ಯಾವ ಉಪಾಯ

### ಆರ್‌ಸಿಎ, ಅಂದರೆ ಕೆಂಪು-ಬಿಳಿ-ಹಳದಿ ಎವಿ ಪಿನ್ನು

ದೂರುಗಳಲ್ಲಿ ಜಾಸ್ತಿ ಪಾಲು ಇದರದ್ದೇ. ನಡುವೆ ಒಂದು ಕಡ್ಡಿ, ಸುತ್ತ ಸೀಳಿದ ಲೋಹದ ಬಳೆ. ಆ ಬಳೆಯ ಎಸಳುಗಳು ಸಾಕೆಟ್ಟಿನ ಹೊರ ಮೈಯನ್ನು ಅಪ್ಪಿ ಹಿಡಿಯುತ್ತವೆ. ಬಿಗಿಯುವುದು ಅಲ್ಲಿ, ಒಳಗಿನ ಕಡ್ಡಿಯಲ್ಲಿ ಅಲ್ಲ.

ಮೊದಲು ಲಾಕ್ ನೋಡಿ. ದಪ್ಪ, ಭಾರದ, ಚಿನ್ನದ ಬಣ್ಣದ ದುಬಾರಿ ಪಿನ್ನುಗಳಲ್ಲಿ ಹೊರಗಿನ ಲೋಹದ ಕೊಳವೆಯನ್ನು ತಿರುಗಿಸಿದರೆ ಎಸಳು ಬಿಗಿಯುವ ವ್ಯವಸ್ಥೆ ಇರುತ್ತದೆ. ಕೇಬಲ್ ಕಡೆಯಿಂದ ನೋಡುತ್ತಾ ಕೊಳವೆಯನ್ನು ಎಡಕ್ಕೆ ತಿರುಗಿಸಿ. ಸಡಿಲಾಯಿತು ಅಂದರೆ ಪಿನ್ನು ತಾನೇ ಬರುತ್ತದೆ. ಆದರೆ ತಿರುಗಿಸಿದಾಗ ಕೊಳವೆ ಹಿಂದೆ ಸರಿದು ಒಳಗಿನ ವೈರು, ಬೆಸುಗೆ ಕಂಡರೆ ಅದು ಲಾಕ್ ಅಲ್ಲ, ಬರೀ ಮುಚ್ಚಳ. ವಾಪಸ್ ಹಾಕಿ. ಮುಚ್ಚಳ ತೆಗೆದ ಪಿನ್ನನ್ನು ಎಳೆದರೆ ವೈರು ಕಿತ್ತು ಬರುತ್ತದೆ.

ಲಾಕ್ ಇಲ್ಲದಿದ್ದರೆ ತಿರುಗಿಸಬಹುದಾ? ಇಲ್ಲಿ ಎರಡು ತರದ ಸಾಕೆಟ್ ಇದೆ. ಒಂದೊಂದೂ ಬೇರೆಬೇರೆಯಾಗಿ, ಸುತ್ತ ಲೋಹದ ನಟ್ಟಿನಿಂದ ತಗಡಿಗೆ ಕೂತಿದ್ದರೆ ಸಣ್ಣಗೆ ಅತ್ತಿತ್ತ ತಿರುಗಿಸಬಹುದು. ಗಡಿಯಾರದ ನಿಮಿಷದ ಮುಳ್ಳು ಒಂದೆರಡು ನಿಮಿಷಕ್ಕೆ ಸರಿಯುವಷ್ಟು, ಅದಕ್ಕಿಂತ ಜಾಸ್ತಿ ಬೇಡ. ನಾಲ್ಕಾರು ಸಾಕೆಟ್ ಒಂದೇ ಪ್ಲಾಸ್ಟಿಕ್ ಹಲಗೆಯಲ್ಲಿದ್ದು, ನಡುವೆ ಒಂದು ಸಣ್ಣ ಸ್ಕ್ರೂ ಇದ್ದರೆ ಅದು ನೇರ ಬೋರ್ಡಿಗೆ ಬೆಸೆದ ಜಾತಿ. ಕಡಿಮೆ ಬೆಲೆಯ ಹೋಮ್ ಥಿಯೇಟರ್‌ಗಳಲ್ಲಿ ಹೆಚ್ಚಾಗಿ ಇದೇ. ಇದನ್ನು ತಿರುಗಿಸಬೇಡಿ. ಎಳೆಯುವ ಮುಂಚೆ ಆ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಿ. ಆಗ ಎಳೆತವನ್ನು ತಗಡು ಹೊರುತ್ತದೆ, ಬೋರ್ಡ್ ಅಲ್ಲ.

ತಿರುಗಿಸುವಾಗ ಒಬ್ಬರು ಟಾರ್ಚ್ ಹಿಡಿದು ಸಾಕೆಟ್ಟಿನ ಬುಡವನ್ನೇ ನೋಡುತ್ತಿರಲಿ. ಪಿನ್ನಿನ ಜೊತೆ ಸಾಕೆಟ್ಟೂ ತಿರುಗಿದರೆ ತಕ್ಷಣ ನಿಲ್ಲಿಸಿ. ಒಳಗೆ ವೈರು ತಿರುಚಿಕೊಳ್ಳುತ್ತಿದೆ ಅಂತ ಅರ್ಥ.

ಆಂಪ್ಲಿಫೈಯರ್ ಆನ್ ಇಟ್ಟು ಆರ್‌ಸಿಎ ಯಾಕೆ ಕೀಳಬಾರದು ಅಂದರೆ, ಎಳೆಯುವಾಗ ಹೊರಗಿನ ಬಳೆ ಮೊದಲು ಬಿಡುತ್ತದೆ, ನಡುವಿನ ಕಡ್ಡಿ ಆಮೇಲೆ. ಅರ್ಥ್ ಇಲ್ಲದೆ ಸಿಗ್ನಲ್ ಮಾತ್ರ ತಾಗಿರುವ ಆ ಕ್ಷಣದಲ್ಲಿ ಸ್ಪೀಕರಿಗೆ ಗುಂಯ್ ಅಂತ ಜೋರು ಹಮ್ ಹೋಗುತ್ತದೆ. ವಾಲ್ಯೂಮ್ ಜಾಸ್ತಿ ಇದ್ದರೆ ಸ್ಪೀಕರ್ ಕಾಯಿಲಿಗೆ ಪೆಟ್ಟು.

### ಸ್ಪೀಕರ್ ವೈರು ಮತ್ತು ಬನಾನಾ ಪಿನ್ನು

ಒತ್ತುವ ಕ್ಲಿಪ್ಪಿನ ಟರ್ಮಿನಲ್ ಆದರೆ ಕ್ಲಿಪ್ಪನ್ನು ಪೂರ್ತಿ ಒತ್ತಿ ಹಿಡಿದೇ ವೈರು ತೆಗೆಯಬೇಕು. ಕಿಲುಬು ಹಿಡಿದಿದ್ದರೆ ವೈರನ್ನು ಒಳಗೆ ತಳ್ಳಿ, ಸ್ವಲ್ಪ ಹೊಸೆದು, ಆಮೇಲೆ ಎಳೆಯಿರಿ. ಹೊರಗೆ ಬಂದ ಎಳೆಗಳನ್ನು ಗಮನಿಸಿ. ತುದಿ ಮೊಂಡಾಗಿ, ಸಮವಾಗಿದೆಯಾ, ಇಲ್ಲ ಒಂದೆರಡು ತಾಮ್ರದ ಎಳೆ ತುಂಡಾಗಿ ಒಳಗೇ ಉಳಿದಿದೆಯಾ? ಉಳಿದ ಒಂದೇ ಒಂದು ಎಳೆ ಕೆಂಪಿಗೂ ಕಪ್ಪಿಗೂ ಅಡ್ಡ ಬಿದ್ದರೆ ಆನ್ ಮಾಡಿದ ಕೂಡಲೇ ಶಾರ್ಟ್. ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಐಸಿ ಸುಡುವುದು ಹೀಗೆಯೇ. ಸೆಟ್ ವಾಲಿಸಿ, ಚಿಮುಟದಿಂದ ಆ ಎಳೆ ತೆಗೆಯದೆ ಮುಂದೆ ಹೋಗಬೇಡಿ.

ತಿರುಗಿಸುವ ನಾಬ್ ಇದ್ದು ಅದು ಬಿಗಿದಿದ್ದರೆ, ಯಾರೋ ಹಿಂದೆ ಪ್ಲೈಯರ್ ಹಾಕಿ ಬಿಗಿ ಮಾಡಿರುತ್ತಾರೆ. ಟ್ಯೂಬಿನ ತುಂಡು ಸುತ್ತಿ ಕೈಯಿಂದಲೇ ಎಡಕ್ಕೆ ತಿರುಗಿಸಿ. ನಾಬ್ ಜೊತೆ ಬುಡದ ಕಂಬವೂ ತಿರುಗಿದರೆ ನಿಲ್ಲಿಸಿ, ಒಳಗಿನ ನಟ್ ಸಡಿಲವಾಗಿದೆ. ಅದನ್ನು ಒಳಗಿನಿಂದಲೇ ಹಿಡಿಯಬೇಕು.

ಸ್ಪೀಕರ್ ವೈರಿನ ತುದಿಗೆ ಹಾಕುವ ಬನಾನಾ ಪಿನ್ನು 4 ಎಂಎಂನದ್ದು. ಕೆಲವಕ್ಕೆ ಹಿಂದೆ ಒಂದು ಸಣ್ಣ ತಿರುಪು ಇರುತ್ತದೆ, ಅದನ್ನು ಬಿಗಿಸಿದರೆ ಒಳಗಿನ ತುದಿ ಅಗಲವಾಗಿ ಕಚ್ಚುತ್ತದೆ. ಅದನ್ನು ಸಡಿಲಿಸದೆ ಎಳೆದರೆ ಪಿನ್ನು ಅರ್ಧದಲ್ಲಿ ಮುರಿಯುತ್ತದೆ. ಮುರಿದು ಒಳಗುಳಿದದ್ದು ಕೊಳವೆಯಂತೆ ಟೊಳ್ಳಾಗಿದ್ದರೆ ಮರಕ್ಕೆ ಹಾಕುವ ಒಂದು ಸಣ್ಣ ಸ್ಕ್ರೂವನ್ನು ಅದರೊಳಗೆ ಎರಡು ಸುತ್ತು ಮಾತ್ರ ಕೂರಿಸಿ, ಸ್ಕ್ರೂವಿನ ತಲೆಯನ್ನು ಪ್ಲೈಯರ್‌ನಲ್ಲಿ ಹಿಡಿದು ನೇರ ಎಳೆಯಿರಿ. ಜಾಸ್ತಿ ತಿರುಗಿಸಿದರೆ ತುಂಡು ಹಿಗ್ಗಿ ಇನ್ನೂ ಬಿಗಿಯುತ್ತದೆ.

### ಇಯರ್‌ಫೋನ್ ಪಿನ್ನು, ಮೈಕ್ ಪಿನ್ನು

3.5 ಎಂಎಂನ ಸಣ್ಣದ್ದಿರಲಿ, ಅಂಗಡಿಯಲ್ಲಿ 'ಪಿ-38' ಅನ್ನುವ 6.35 ಎಂಎಂನ ದೊಡ್ಡದ್ದಿರಲಿ, ಪಿನ್ನು ದುಂಡಗಿರುವುದರಿಂದ ಮೆಲ್ಲಗೆ ತಿರುಗಿಸುತ್ತಾ ಎಳೆದರೆ ತೊಂದರೆ ಇಲ್ಲ. ಬಾಗಿಸಬಾರದು ಅಷ್ಟೇ.

ಕಷ್ಟ ಬರುವುದು ತುದಿ ಮುರಿದು ಒಳಗೆ ಉಳಿದಾಗ. ಲಕ್ಷಣ ಹೀಗಿರುತ್ತದೆ: ಇಯರ್‌ಫೋನ್ ಹಾಕಿಲ್ಲ, ಆದರೂ ಸ್ಪೀಕರಿನಲ್ಲಿ ಸದ್ದಿಲ್ಲ. ಪಿನ್ನು ಒಳಗಿದೆ ಅಂತ ಜಾಕಿನ ಸಣ್ಣ ಸ್ವಿಚ್ ತಿಳಿದುಕೊಂಡು ಸ್ಪೀಕರ್ ಕಡಿತಗೊಳಿಸಿರುತ್ತದೆ. ಹೊರಬಂದ ಪಿನ್ನನ್ನು ಒಂದು ಒಳ್ಳೆಯ ಪಿನ್ನಿನ ಪಕ್ಕ ಇಟ್ಟು ಉದ್ದ ಹೋಲಿಸಿ, ಗೊತ್ತಾಗುತ್ತದೆ.

ಮೊದಲು ಜಾಕ್ ಕೆಳಮುಖವಾಗುವಂತೆ ಸೆಟ್ ಹಿಡಿದು ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಬರದಿದ್ದರೆ ತೆಳುವಾದ ಹಲ್ಲುಕಡ್ಡಿಯಿಂದ ಒಂದು ಬದಿಗೆ ತಳ್ಳಿ, ಸ್ಪ್ರಿಂಗಿನ ಹಿಡಿತದಿಂದ ಜಾರಿಸಿ ನೋಡಿ. ಸೂಜಿ ಬೇಡ, ಒಳಗಿನ ಸ್ಪ್ರಿಂಗ್ ಎಲೆ ಬಾಗುತ್ತದೆ. ಫೆವಿಕ್ವಿಕ್ ಹಚ್ಚಿದ ಕಡ್ಡಿ ಅಂಟಿಸಿ ಎಳೆಯುವ ಉಪಾಯ ವಿಡಿಯೋಗಳಲ್ಲಿ ನೋಡಿರುತ್ತೀರಿ. ನಾನು ಒಪ್ಪುವುದಿಲ್ಲ. ಒಂದು ಹನಿ ಜಾಸ್ತಿಯಾದರೆ ತುಂಡು, ಕಡ್ಡಿ, ಜಾಕ್ ಮೂರೂ ಒಂದೇ. ದೊಡ್ಡ ಪಿನ್ನಿನ ಜಾಕುಗಳಲ್ಲಿ ಎಷ್ಟೋ ಸಲ ಹಿಂಬದಿ ತೆರೆದಿರುತ್ತದೆ. ಟೆಕ್ನಿಷಿಯನ್ ಮುಚ್ಚಳ ತೆಗೆದು ಹಿಂದಿನಿಂದ ಒಂದು ಕಡ್ಡಿಯಲ್ಲಿ ತಳ್ಳಿದರೆ ಮುಗಿಯಿತು. ಐದು ನಿಮಿಷದ ಕೆಲಸಕ್ಕೆ ಜಾಕನ್ನೇ ಕಳೆದುಕೊಳ್ಳುವುದು ಯಾಕೆ, ಅಲ್ವಾ?

### ಮೂರು ಪಿನ್ನಿನ ಮೈಕ್ ಕೇಬಲ್, ಸ್ಪೀಕಾನ್

ಸ್ಪೀಕಾನ್ ಅಂದರೆ ದೊಡ್ಡ ಸ್ಪೀಕರ್ ಬಾಕ್ಸಿಗೆ ಹಾಕುವ, ತಿರುಗಿಸಿ ಲಾಕ್ ಮಾಡುವ ದಪ್ಪ ಪಿನ್ನು. ಇವೆರಡಕ್ಕೂ ಸಾಮಾನ್ಯವಾಗಿ ಲಾಕ್ ಇರುತ್ತದೆ. ಆಡಿಯೋ ಮಿಕ್ಸರಿನ ಸಾಕೆಟ್ ಮೇಲೆ 'ಪುಶ್' ಅಂತ ಬರೆದ ನಾಲಿಗೆ ಇದ್ದರೆ ಅದನ್ನು ಒತ್ತಿ ಹಿಡಿದು ಎಳೆಯಿರಿ. ಮೈಕಿನ ಕಡೆಯ ತುದಿಯಲ್ಲಿ ಆ ಗುಂಡಿ ಕೇಬಲ್ಲಿನ ಮೇಲೇ ಇರುತ್ತದೆ. ಒತ್ತಿದರೂ ಬಿಡದಿದ್ದರೆ ಪಿನ್ನನ್ನು ಒಳಕ್ಕೆ ತಳ್ಳುತ್ತಾ ಗುಂಡಿ ಒತ್ತಿ, ಕೊಕ್ಕೆ ಕಳಚುತ್ತದೆ. ಸ್ಪೀಕಾನ್ ಆದರೆ ಲಾಕನ್ನು ಹಿಂದಕ್ಕೆ ಸರಿಸಿ, ಎಡಕ್ಕೆ ತಿರುಗಿಸಿ, ಆಮೇಲೆ ಎಳೆಯಬೇಕು.

### ಆಪ್ಟಿಕಲ್ ಮತ್ತು ಎಚ್‌ಡಿಎಂಐ

ಎರಡನ್ನೂ ತಿರುಗಿಸುವಂತಿಲ್ಲ. ಬೆಳಕಿನ ಮೂಲಕ ಸೌಂಡ್ ಸಾಗಿಸುವ ಆಪ್ಟಿಕಲ್ ಪಿನ್ನು ಚೌಕ, ಸಾಕೆಟ್ ಪೂರಾ ಪ್ಲಾಸ್ಟಿಕ್. ಹಾಗಾಗಿ ಇಲ್ಲಿ ಕಿಲುಬು ಇರುವುದಿಲ್ಲ, ಧೂಳು ಮಾತ್ರ. ಯಾವ ಎಣ್ಣೆ, ಸ್ಪ್ರೇ ಕೂಡ ಹಾಕಬೇಡಿ, ಬೆಳಕಿನ ದಾರಿಯೇ ಮಂಕಾಗುತ್ತದೆ. ನೇರ ಎಳೆಯಿರಿ.

ಎಚ್‌ಡಿಎಂಐ ಬಿಗಿಯಲು ಸಾಮಾನ್ಯ ಕಾರಣ ಗೋಡೆಗೆ ತೂಗಿದ ಟಿವಿ. ದಪ್ಪ ಕೇಬಲ್ಲಿನ ತೂಕ ಪಿನ್ನನ್ನು ಕೆಳಗೆ ಜಗ್ಗಿ ಓರೆ ಮಾಡಿರುತ್ತದೆ. ಒಂದು ಕೈಯಲ್ಲಿ ಕೇಬಲ್ ಎತ್ತಿ ಹಿಡಿದು ಪಿನ್ನು ನೇರ ಮಾಡಿ, ಆಗ ಸಲೀಸಾಗಿ ಬರುತ್ತದೆ.

### ಡಿಶ್ ಪಿನ್ನು

ಇದು ತಿರುಪಿನದ್ದು. ಎಳೆದರೆ ಜನ್ಮದಲ್ಲಿ ಬರುವುದಿಲ್ಲ. 11 ಎಂಎಂ ಸ್ಪ್ಯಾನರ್‌ನಿಂದ ಎಡಕ್ಕೆ ತಿರುಗಿಸಿ. ತಿರುಗಬೇಕಾದ್ದು ಷಟ್ಕೋನದ ನಟ್ ಮಾತ್ರ, ಕೇಬಲ್ ಅಲ್ಲ. ಸೆಟ್‌ಟಾಪ್ ಬಾಕ್ಸ್ ಈ ಕೇಬಲ್ಲಿನ ಮೂಲಕವೇ ಛಾವಣಿಯ ಡಿಶ್ಶಿಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಆನ್ ಇದ್ದಾಗ ತೆಗೆಯಲು ಹೋಗಿ ನಡುವಿನ ತಾಮ್ರ ಹೊರಗಿನ ನಟ್ಟಿಗೆ ತಾಗಿದರೆ ಬಾಕ್ಸಿಗೆ ಪೆಟ್ಟಾಗಬಹುದು.

ಬಿಡಿಸಿದ ಮೇಲೆ ಒಳಗೆ ನೀರಿನ ಗುರುತು ಕಂಡರೆ ತಪ್ಪು ಈ ತುದಿಯದ್ದಲ್ಲ. ಡಿಶ್ ಹತ್ತಿರ ಒಳನುಗ್ಗಿದ ಮಳೆ ನೀರು ಕೇಬಲ್ಲಿನೊಳಗೇ ಇಳಿದು ಬಂದಿದೆ. ಮನೆಯೊಳಗೆ ಬರುವ ಮುಂಚೆ ಕೇಬಲ್ಲನ್ನು ಒಂದು ಸುತ್ತು ಕೆಳಗೆ ಜೋತುಬಿಟ್ಟರೆ ಹೊರಮೈ ಮೇಲೆ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ಇಳಿದಿದ್ದರೆ ಕೇಬಲ್ಲೇ ಬದಲಿಸಬೇಕು.

## ಹಂತ 6: ಕಿಲುಬಿಗೆ ಮದ್ದು

ಐಪಿಎಯನ್ನು ಇಯರ್ ಬಡ್‌ಗೆ ಹಾಕಿ, ಆ ಬಡ್‌ನಿಂದ ಪಿನ್ನಿನ ಸಂದಿಗೆ ಒಂದೆರಡು ಹನಿ ಇಳಿಸಿ. ಬಾಟಲಿಯಿಂದ ನೇರ ಸುರಿಯಬೇಡಿ. ಸಾಕೆಟ್ ಮೇಲ್ಮುಖವಾಗಿದ್ದರೆ ದ್ರವ ಬೋರ್ಡಿಗೇ ಹೋಗುತ್ತದೆ, ಅಡ್ಡಲಾಗಿರಲಿ. ಹದಿನೈದು ನಿಮಿಷ ಬಿಟ್ಟು ನಾಲ್ಕನೇ ಹಂತದ ಹಿಡಿತದಲ್ಲಿ ಮತ್ತೆ ಪ್ರಯತ್ನಿಸಿ. ಎರಡು ಮೂರು ಸಲ ಮಾಡಬೇಕಾಗಬಹುದು, ಬೇಸರ ಬೇಡ. ಐಪಿಎ ಬೇಗ ಹತ್ತಿಕೊಳ್ಳುತ್ತದೆ. ದೇವರ ದೀಪ, ಒಲೆ, ಬೀಡಿ ಹತ್ತಿರ ಇರಬಾರದು. ಕಿಟಕಿ ತೆರೆದಿರಲಿ.

ಆರ್‌ಸಿಎ ಇನ್ನೂ ಹಟ ಹಿಡಿದರೆ ಹೇರ್ ಡ್ರೈಯರ್ ತನ್ನಿ. ಅದಕ್ಕೆ ಮುಂಚೆ ಐಪಿಎ ಪೂರ್ತಿ ಆರಿರಬೇಕು. ಕಡಿಮೆ ಬಿಸಿಯಲ್ಲಿ ಪಿನ್ನಿನ ಹೊರ ಬಳೆಗೆ ಮಾತ್ರ ಅರ್ಧ ನಿಮಿಷ ಹಿಡಿಯಿರಿ. ಲೋಹ ಹಿಗ್ಗಿ ಹಿಡಿತ ಸ್ವಲ್ಪ ಸಡಿಲುತ್ತದೆ. ಕೈಗೆ ತಡೆಯದಷ್ಟು ಬಿಸಿಯಾದರೆ ಸಾಕೆಟ್ಟಿನ ಪ್ಲಾಸ್ಟಿಕ್ ಮೆತ್ತಗಾಗಬಹುದು.

ಬಳಸಬಾರದ್ದರ ಪಟ್ಟಿ ಉದ್ದವಿದೆ, ಯಾಕೆಂದರೆ ಇವೆಲ್ಲ ಮನೆಯಲ್ಲೇ ಕೈಗೆ ಸಿಗುತ್ತವೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಚಳಿಗೆ ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಸ್ಯಾನಿಟೈಸರ್‌ನಲ್ಲಿ ನೀರು ಮತ್ತು ಅಂಟು ಪದಾರ್ಥ ಇರುತ್ತದೆ. ದೇವರ ಸಾಮಾನು ಬೆಳಗುವ ಹುಣಸೆಹಣ್ಣು, ನಿಂಬೆ ರಸ ಕಿಲುಬನ್ನು ತೆಗೆಯುವುದೇನೋ ನಿಜ. ಆದರೆ ತಂಬಿಗೆಯನ್ನು ನೀರಿನಲ್ಲಿ ತೊಳೆಯಬಹುದು, ಸಾಕೆಟ್ಟನ್ನು ತೊಳೆಯಲಾಗುವುದಿಲ್ಲ. ಒಳಗುಳಿದ ಹುಳಿ ಮುಂದಿನ ಮಳೆಗಾಲಕ್ಕೆ ಇನ್ನಷ್ಟು ಕಿಲುಬು ತರುತ್ತದೆ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯನ್ನು ಡಿಶ್ ಪಿನ್ನಿನ ನಟ್ಟಿನ ಹೊರಮೈಗೆ ಒಂದು ತೊಟ್ಟು ಹಚ್ಚಬಹುದು, ಆಡಿಯೋ ಸಾಕೆಟ್ಟಿಗೆ ಬೇಡ.

## ಹಂತ 7: ಏನು ಮಾಡಿದರೂ ಬರದಿದ್ದರೆ ಪಿನ್ನು ಬಲಿ ಕೊಡಿ

ಇಲ್ಲಿಗೆ ಬಂದಾಗ ಕೇಬಲ್ ಆಸೆ ಬಿಡಬೇಕು. ಆರ್‌ಸಿಎಗೆ ಕ್ರಮ ಹೀಗೆ. ಪಿನ್ನಿನ ಹಿಂದೆ ಎರಡು ಬೆರಳು ಜಾಗ ಬಿಟ್ಟು ಕೇಬಲ್ ಕತ್ತರಿಸಿ. ರಬ್ಬರ್ ಕವಚವನ್ನು ಕಟರಿನಿಂದ ಉದ್ದಕ್ಕೆ ಸೀಳಿ, ಸುಲಿಯಿರಿ. ಈಗ ಲೋಹದ ಬಳೆ ಪೂರ್ತಿ ಕಾಣುತ್ತದೆ, ಅದರಲ್ಲಿ ಎಸಳಿನಂತೆ ಸೀಳುಗಳಿರುತ್ತವೆ. ನೋಸ್ ಪ್ಲೈಯರ್‌ನ ತುದಿಯನ್ನು ಒಂದು ಸೀಳಿಗೆ ಇಟ್ಟು ಎಸಳಿನ ಅಂಚು ಹಿಡಿದು ಹೊರಕ್ಕೆ ಮಡಚಿ. ಬಾಳೆಹೂವಿನ ಎಸಳು ಬಿಡಿಸಿದ ಹಾಗೆ ಒಂದೊಂದೇ. ಎರಡು ಎಸಳು ಎದ್ದರೆ ಸಾಕು, ಉಳಿದವಕ್ಕೆ ಹಿಡಿತ ತಪ್ಪುತ್ತದೆ. ಪ್ಲೈಯರ್ ಸಾಕೆಟ್ಟನ್ನು ಹಿಂಡದಂತೆ ನೋಡಿಕೊಳ್ಳಿ. ಆಮೇಲೆ ಉಳಿದದ್ದನ್ನು ನೇರ ಎಳೆದುಬಿಡಿ.

ಗರಗಸ, ಡ್ರಿಲ್ ಇಲ್ಲಿ ಬೇಡ. ಉದುರುವ ಲೋಹದ ಪುಡಿ ಗಾಳಿ ಕಿಂಡಿಯಿಂದ ಒಳಗೆ ಬೀಳುತ್ತದೆ.

## ನಿಲ್ಲಿಸಬೇಕಾದ ಸೂಚನೆಗಳು

ಸಾಕೆಟ್ ಪಿನ್ನಿನ ಜೊತೆ ಅಲುಗಾಡುತ್ತಿದೆ. ತಗಡು ಉಬ್ಬಿ ಬಿಳಿ ಗೆರೆ ಬಿದ್ದಿದೆ. ಒಳಗೆ ಸದ್ದಾಯಿತು. ಸೆಟ್ ಅಲ್ಲಾಡಿಸಿದರೆ ಏನೋ ಗಲಗಲ ಅನ್ನುತ್ತಿದೆ. ಪ್ಲಗ್ ಎಲ್ಲ ಕಿತ್ತಿದ್ದರೂ ಕೈಗೆ ಜುಂ ಅನ್ನುತ್ತಿದೆ. ಕೊನೆಯದು ಆದರೆ ಕೇಬಲ್ ಟಿವಿ ಅಥವಾ ಡಿಶ್ ಲೈನಿನಿಂದ ಕರೆಂಟ್ ಬರುತ್ತಿದೆ ಅಂತ. ಆ ಕೇಬಲ್ ಮುಟ್ಟದೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಉಳಿದವಕ್ಕೆ ಸೆಟ್ಟನ್ನು ಹಾಗೇ, ಪಿನ್ನಿನ ಸಮೇತ, ರಿಪೇರಿಯವರ ಹತ್ತಿರ ಒಯ್ಯಿರಿ. ಪಿನ್ನು ಸಮೇತ ಬಂದ ಸೆಟ್ ಸರಿಮಾಡುವುದು ಸಾಕೆಟ್ ಒಡೆದ ಸೆಟ್ಟಿಗಿಂತ ಎಷ್ಟೋ ಸುಲಭ. ವಾರಂಟಿ ಇದ್ದರೆ ಸೀಲ್ ಒಡೆಯಬೇಡಿ.

## ಹಂತ 8: ಬಂದ ಮೇಲೆ

ಸಾಕೆಟ್ಟಿನ ಹೊರಮೈಯನ್ನು ಐಪಿಎ ಬಡ್‌ನಿಂದ ಒರೆಸಿ. ಮೊಂಡು ಕಿಲುಬಿಗೆ ಶಾಲೆ ಮಕ್ಕಳ ಪೆನ್ಸಿಲ್ ರಬ್ಬರ್ ಉಜ್ಜಿ, ಪುಡಿ ಝಾಡಿಸಿ. ಉಜ್ಜು ಕಾಗದ ಮುಟ್ಟಬೇಡಿ. ಮೇಲಿನ ಲೇಪ ತುಂಬಾ ತೆಳು, ಅದು ಹೋದರೆ ಹಿತ್ತಾಳೆ ಬೇಗ ಹಸಿರಾಗುತ್ತದೆ. ಕಿಲುಬು ಹಿಡಿದ ಹಳೆ ಪಿನ್ನನ್ನು ಅದೇ ಸಾಕೆಟ್ಟಿಗೆ ಮತ್ತೆ ಹಾಕಬೇಡಿ.

ಅರ್ಧ ಗಂಟೆ ಒಣಗಲು ಬಿಡಿ. ಮಳೆಗಾಲವಾದರೆ ರಾತ್ರಿಯಿಡೀ ಬಿಡಿ. ಹೊಸ ಕೇಬಲ್ ಹಾಕುವಾಗ ಪಿನ್ನು ಪೂರ್ತಿ ಕೂರಲಿ, ಆದರೆ ಎಸಳು ಅತಿ ಬಿಗಿ ಅನಿಸಿದರೆ ಹಾಕುವ ಮುಂಚೆಯೇ ಸ್ವಲ್ಪ ಅಗಲಿಸಿ. ಸೆಟ್ಟಿನ ಹಿಂಬದಿಗೂ ಗೋಡೆಗೂ ಒಂದು ಗೇಣು ಅಂತರ ಕೊಡಿ. ಮಲೆನಾಡಿನ ಮನೆಯಾದರೆ ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಪ್ರತಿ ಪಿನ್ನನ್ನೂ ಕರೆಂಟ್ ಬಿಡಿಸಿ ಒಮ್ಮೆ ತೆಗೆದು ಹಾಕಿ. ಕಿಲುಬು ಕೂರಲು ಬಿಡುವೇ ಸಿಗುವುದಿಲ್ಲ.

ಆನ್ ಮಾಡುವ ಮುಂಚೆ ಫೋಟೋ ನೋಡಿ ಎಲ್ಲಾ ಕೇಬಲ್ ಸರಿಯಾದ ಜಾಗದಲ್ಲಿದೆಯಾ ಪರೀಕ್ಷಿಸಿ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ಆನ್ ಮಾಡಿ, ನಿಧಾನವಾಗಿ ಏರಿಸಿ. ಬ್ಯಾಲೆನ್ಸನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಕೇಳಿ. ಆಮೇಲೆ ನೀವು ಬಿಡಿಸಿದ ಪಿನ್ನಿನ ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ. ಸದ್ದು ಹೋಗಿ ಬಂದು ಮಾಡಿದರೆ, ಚರ್ರ್ ಅಂದರೆ ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿದೆ. ಕೂಡಲೇ ಆಫ್ ಮಾಡಿ, ಬೆಸುಗೆ ಹಾಕಿಸಿ. ಈ ಹಂತದಲ್ಲಿ ಅದು ಸಣ್ಣ ಕೆಲಸ. ಹಾಗೇ ಓಡಿಸಿದರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದುಬರುತ್ತದೆ.